ಹಮ್ಮಿಗಿಗೆ ಬಂದ ಹನ್ನೆರಡು ಕಾಲಗಳು

ಇಂಗ್ಲಿಷ್ ಕ್ರಿಯಾಪದಕ್ಕೆ ಕಾಲಗಳೆಷ್ಟು ಎಂದು ನಮ್ಮ ಯಾವ ಹೈಸ್ಕೂಲು ಹುಡುಗನನ್ನು ಕೇಳಿದರೂ ‘ಹನ್ನೆರಡು’ ಎಂದು ಥಟ್ಟನೆ ಉತ್ತರ ಬರುತ್ತದೆ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಮನೆಗಳು. ಒಂದೊಂದು ಮನೆಗೂ ಸಾಮಾನ್ಯ, ಅಪೂರ್ಣ, ಪೂರ್ಣ, ಪೂರ್ಣ-ಅಪೂರ್ಣ ಎಂಬ ನಾಲ್ಕು ನಾಲ್ಕು ಖೋಲಿಗಳು. ಇದನ್ನು ಮಗ್ಗಿಯಂತೆ ತಪ್ಪಿಲ್ಲದೆ ಒಪ್ಪಿಸಿದ ಅದೇ ಹುಡುಗನಿಗೆ ‘ನಾನು ನಿನ್ನೆ ಗದಗಿಗೆ ಹೋಗಿದ್ದೆ’ ಎಂಬಷ್ಟು ಸರಳವಾದ ಮಾತನ್ನು ಇಂಗ್ಲಿಷಿನಲ್ಲಿ ಹೇಳೆಂದರೆ ತಡವರಿಸುತ್ತಾನೆ. ಈ ಕೋಷ್ಟಕವನ್ನು ಕಟ್ಟಿದವರು ಯಾರು? ಅದು ಯಾವ ದಾರಿಯಿಂದ ನಮ್ಮ ಊರುಗಳ ಸಾಲೆಗಳಿಗೆ ಬಂತು? ಬಂದು ನಮ್ಮ ಮಕ್ಕಳಿಗೆ ಎಷ್ಟು ಉಪಕಾರ ಮಾಡಿತು? ಈ ಮೂರು ಪ್ರಶ್ನೆಗಳನ್ನು ತುಸು ವಿಚಾರಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಇಂಗ್ಲಿಷ್ ವಿದ್ಯೆಯ ಇತಿಹಾಸವನ್ನು ಕಲಕತ್ತೆ, ಮುಂಬಯಿ, ಮದರಾಸುಗಳಿಂದ ನೋಡುವುದು ವಾಡಿಕೆ. ಅಲ್ಲಿಂದ ನೋಡಿದರೆ ಮೆಕಾಲೆಯ ೧೮೩೫ರ ಟಿಪ್ಪಣಿ, ವುಡ್ ಸಾಹೇಬನ ೧೮೫೪ರ ಆಜ್ಞಾಪತ್ರ, ೧೮೫೭ರಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾಲಯಗಳು ಎದ್ದು ಕಾಣುತ್ತವೆ. ಹಳ್ಳಿಯ ಹುಡುಗ ಕಾಣುವುದಿಲ್ಲ. ಆದ್ದರಿಂದ ನಾನು ಒಂದು ಹಳ್ಳಿಯ ಹೊಳೆದಂಡೆಯ ಮೇಲೆ ನಿಂತು ನೋಡಬಯಸುತ್ತೇನೆ. ಆ ಹಳ್ಳಿ ಹಮ್ಮಿಗಿ.

ಹಮ್ಮಿಗಿಯು ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಊರು. ತುಂಗಭದ್ರೆಯ ಎಡದಂಡೆಯ ಸೀಮೆ. ಇಂದು ಅದರ ಹೆಸರು ಪತ್ರಿಕೆಗಳಲ್ಲಿ ಬರುವುದು ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜಿನ ಸಂಬಂಧದಿಂದ. ಆದರೆ ನನ್ನ ವಿಷಯಕ್ಕೆ ಈ ಊರನ್ನು ಆರಿಸಿಕೊಳ್ಳಲು ಬೇರೆ ಕಾರಣವಿದೆ. ಬ್ರಿಟಿಷರ ಆಳಿಕೆಯಲ್ಲಿ ಇಲ್ಲಿಂದ ಒಂದೊಂದು ದಿಕ್ಕಿಗೆ ಒಂದೊಂದು ಸರಕಾರವಿತ್ತು. ಊರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ಹೂವಿನಹಡಗಲಿಯ ಸೀಮೆ, ಬಳ್ಳಾರಿ ಜಿಲ್ಲೆ, ಮದರಾಸು ಇಲಾಖೆ. ಮೂಡಲಿಗೆ ಕೆಲವು ಹರದಾರಿ ಹೋದರೆ ಕೊಪ್ಪಳ, ನಿಜಾಮನ ರಾಜ್ಯ. ಪಡುವಲಿಗೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಎಲ್ಲ ಕಡೆಗೂ ಮನೆಮಾತು ಕನ್ನಡವೇ. ಸಾಲೆಯ ಮಾತು ಮಾತ್ರ ಕಚೇರಿಗೊಂದು ಬಗೆ. ಒಂದೇ ಹೊಳೆಯ ನೀರು ಕುಡಿದ ಮಕ್ಕಳು ಮೂರು ನಾಲ್ಕು ಬಾಗಿಲುಗಳಿಂದ ಇಂಗ್ಲಿಷಿನ ಅಂಗಳಕ್ಕೆ ಹೋಗಬೇಕಾಯಿತು.

ಹಮ್ಮಿಗಿಯ ಹೆಸರು ಇತಿಹಾಸದಲ್ಲಿ ಉಳಿದಿರುವುದು ೧೮೫೮ರ ಬಂಡಾಯದಿಂದ. ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಆಗ ಜಾರಿಗೆ ಬಂದಿತ್ತು. ಹಮ್ಮಿಗಿಯ ದೇಸಾಯಿ ಕೆಂಚನಗೌಡನ ಮನೆಯಲ್ಲಿ ಕೂಡಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದು ಕಾವಲು ಬಿತ್ತು. ಒಂದು ಕಾಲಕ್ಕೆ ಕಂಪನಿ ಸರಕಾರದ ನೌಕರಿಯಲ್ಲಿದ್ದ ಮುಂಡರಗಿಯ ಭೀಮರಾಯನು ಆ ಕಾವಲನ್ನು ಮುರಿದು ಆಯುಧಗಳನ್ನು ವಶಮಾಡಿಕೊಂಡ. ಡಂಬಳದ ಖಜಾನೆ ಲೂಟಿಯಾಯಿತು. ಕೊಪ್ಪಳದ ಕೋಟೆ ಬಂಡುಗಾರರ ಕೈಸೇರಿತು. ಜೂನ್ ತಿಂಗಳ ಆರಂಭದಲ್ಲಿ ಕಂಪನಿಯ ಸೈನ್ಯವು ಆ ಕೋಟೆಯನ್ನು ಹಿಡಿದಾಗ ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲಿಯೇ ಮಡಿದರು. ಅದೇ ವರ್ಷ ಕಂಪನಿಯ ಆಳಿಕೆಯೂ ಮುಗಿದು ರಾಣಿಯ ಆಳಿಕೆ ಬಂತು.

ಅದೇ ೧೮೫೮ರಲ್ಲಿ, ಕತ್ತಿಯ ಸದ್ದು ಕೇಳಿಸದಷ್ಟು ದೂರದ ಬೆಂಗಳೂರಿನಲ್ಲಿ, ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿಯು ಒಂದು ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ ಹೊರತಂದ. ಅದರ ಮೂಲಕರ್ತ ವಿಲಿಯಂ ರೀವ್. ರೀವನು ಹಮ್ಮಿಗಿಯ ಆಚೆ ದಂಡೆಯ ಜಿಲ್ಲೆಯಾದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದವನು. ಆ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು ೧೮೧೦ರಲ್ಲಿ. ಅವನ ನಂತರ ಬಂದ ರೀವ್ ೧೮೨೪ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಅಚ್ಚು ಹಾಕಿಸಿದ. ಕೆಂಚನಗೌಡನ ಸೀಮೆಯಲ್ಲಿ ಆಯುಧಗಳು ಕಾವಲಿನಲ್ಲಿ ಬಿದ್ದ ವರ್ಷವೇ ಆಚೆ ದಂಡೆಯವರು ಕೂಡಿಟ್ಟ ಶಬ್ದಗಳು ಹೊಸ ಅಚ್ಚಿನಲ್ಲಿ ಹೊರಬಿದ್ದವು. ಮುಂದಿನ ನೂರು ವರ್ಷ ಈ ನಾಡಿನಲ್ಲಿ ಅಧಿಕಾರವೆಂಬುದು ಯಾವ ಭಂಡಾರದಲ್ಲಿತ್ತು ಎಂಬುದನ್ನು ವಾಚಕರು ಬಲ್ಲರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಸೇತುವೆ ಕಟ್ಟಿದ ಮೊದಮೊದಲಿನ ಪುಸ್ತಕಗಳು ನಮಗೆ ಇಂಗ್ಲಿಷ್ ಕಲಿಸಲು ಹುಟ್ಟಿದವುಗಳಲ್ಲ. ಅವರಿಗೆ ಕನ್ನಡ ಕಲಿಸಲು ಹುಟ್ಟಿದವು. ಶ್ರೀರಾಮಪುರದ ವಿಲಿಯಂ ಕೇರಿಯು ೧೮೧೭ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಮಾಡಿದ. ಮದರಾಸಿನ ಅಧಿಕಾರಿ ಜಾನ್ ಮೆಕೆರೆಲ್ ೧೮೨೦ರಲ್ಲಿ ಮತ್ತೊಂದನ್ನು ಬರೆದ. ಥಾಮಸ್ ಹಾಡ್ಸನ್ನನ ವ್ಯಾಕರಣ ಬೆಂಗಳೂರಿನಲ್ಲಿ ೧೮೫೯ರಲ್ಲಿ ಬಂತು. ಬಾಸೆಲ್ ಮಿಷನ್ನಿನವರು ಧಾರವಾಡದಲ್ಲಿ ೧೮೩೭ರಲ್ಲಿ, ಹುಬ್ಬಳ್ಳಿಯಲ್ಲಿ ೧೮೩೯ರಲ್ಲಿ, ಬೆಟಗೇರಿಯಲ್ಲಿ ೧೮೪೧ರಲ್ಲಿ ನೆಲೆಯೂರಿದರು. ಅವರ ಪೈಕಿ ೧೮೫೩ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಮೊದಲು ಕನ್ನಡದ ರುಚಿ ಕಂಡದ್ದು ನಮ್ಮ ಧಾರವಾಡದ ಕಡೆಗೇ. ಅವನ ಮಹಾನಿಘಂಟು ೧೮೯೪ರಲ್ಲಿ, ವ್ಯಾಕರಣ ೧೯೦೩ರಲ್ಲಿ ಹೊರಬಂದವು. ಪರಕೀಯರಾದ ಇವರೆಲ್ಲರೂ ನಮ್ಮ ಕ್ರಿಯಾಪದದ ಮುಂದೆ ಪಾಟಿ ಹಿಡಿದು ಕುಳಿತ ವಿದ್ಯಾರ್ಥಿಗಳು.

ಕನ್ನಡ ಕಲಿಯುವ ಪರಕೀಯನಿಗೆ ನಮ್ಮ ಕ್ರಿಯಾಪದ ಒಡ್ಡುವ ತೊಡಕುಗಳನ್ನು ನೋಡಿದರೆ ನಮ್ಮ ಮಕ್ಕಳ ಸಂಕಟ ಅರ್ಥವಾಗುತ್ತದೆ. ಕೇಶಿರಾಜನು ೧೩ನೆಯ ಶತಮಾನದಲ್ಲಿ ಹಳಗನ್ನಡಕ್ಕೆ ಮೂರು ಕಾಲಗಳನ್ನು ಹೇಳಿದ: ‘ಮಾಡಿದಂ’ ಭೂತ, ‘ಮಾಡಿದಪಂ’ ವರ್ತಮಾನ, ‘ಮಾಡುವಂ’ ಭವಿಷ್ಯತ್. ಹೊಸಗನ್ನಡಕ್ಕೆ ಬರುವ ಹೊತ್ತಿಗೆ ನಡುವಿನ ರೂಪ ಹೋಗಿ ‘ಮಾಡುತ್ತಾನೆ’ ಬಂತು. ಆದರೆ ಆಡುಮಾತಿನಲ್ಲಿ ಈ ‘ಮಾಡುತ್ತಾನೆ’ ಎಂಬುದು ದಿನವೂ ಮಾಡುವುದಕ್ಕೂ ಆಗುತ್ತದೆ, ನಾಳೆ ಮಾಡುವುದಕ್ಕೂ ಆಗುತ್ತದೆ. ಮನೆಯಿಂದ ಹೊರಟವನು ‘ಹೋಗುತ್ತೇನೆ’ ಎನ್ನಬಾರದೆಂದು ‘ಬರ್ತೇನಿ’ ಎನ್ನುತ್ತಾನೆ. ಒಳಗಿನಿಂದ ಕರೆದರೆ ಇನ್ನೂ ಎದ್ದಿರದ ಮಗ ‘ಬಂದೆ’ ಎಂದು ಭೂತಕಾಲದಲ್ಲಿ ಉತ್ತರ ಕೊಡುತ್ತಾನೆ. ಅಗಲಿಕೆಗೆ ಆಗಮನದ ಕ್ರಿಯಾಪದ, ಮುಂದಿನ ಕೆಲಸಕ್ಕೆ ಹಿಂದಿನ ರೂಪ! ಇನ್ನು ಹಳೆಯ ನಿಷೇಧರೂಪ ‘ಬಾರೆನು’ ಎಂಬುದಕ್ಕಂತೂ ಕಾಲವೇ ಇಲ್ಲ. ಸಂದರ್ಭ ನೋಡಿ ಬರಲಿಲ್ಲ, ಬರುತ್ತಿಲ್ಲ, ಬರುವುದಿಲ್ಲ ಎಂದು ತಿಳಿಯಬೇಕು. ಲ್ಯಾಟಿನ್ ಕೋಷ್ಟಕವನ್ನು ಬಗಲಲ್ಲಿಟ್ಟುಕೊಂಡು ಬಂದವನಿಗೆ ಇದು ಸುಲಭದ ಪಾಠವಲ್ಲ. ಕಾಲವೆಂಬುದು ಗಡಿಯಾರದಲ್ಲಿ ಒಂದೇ ಆದರೂ ಕ್ರಿಯಾಪದದಲ್ಲಿ ನುಡಿಗೊಂದು ಬಗೆ.

ಈಗ ಕೋಷ್ಟಕದ ವಂಶಾವಳಿಗೆ ಬರೋಣ. ಇಂಗ್ಲಿಷರ ವ್ಯಾಕರಣವೂ ಅವರ ಮನೆಯಲ್ಲಿಯೇ ಹುಟ್ಟಿದ್ದಲ್ಲ; ಲ್ಯಾಟಿನ್ನಿನ ಅಂಗಿಯನ್ನು ಅವರ ನುಡಿಗೆ ತೊಡಿಸಿದ್ದು. ಆಕ್ಸ್‌ಫರ್ಡಿನ ಗಣಿತಪಂಡಿತ ಜಾನ್ ವಾಲಿಸ್ ೧೬೫೩ರಲ್ಲಿ ಬರೆದ ಇಂಗ್ಲಿಷ್ ವ್ಯಾಕರಣವು ಲ್ಯಾಟಿನ್ ಭಾಷೆಯಲ್ಲಿತ್ತು. ಉತ್ತಮ ಪುರುಷಕ್ಕೆ ‘ಶಲ್’, ಉಳಿದವಕ್ಕೆ ‘ವಿಲ್’ ಎಂದು ನಮ್ಮ ಮಾಸ್ತರರು ಛಡಿ ಹಿಡಿದು ಕಲಿಸಿದ ಸೂತ್ರದ ಮೂಲ ಅಲ್ಲಿದೆ. ೧೭೬೨ರಲ್ಲಿ ರಾಬರ್ಟ್ ಲೌತ್ ಎಂಬ ಧರ್ಮಾಧಿಕಾರಿಯ ವ್ಯಾಕರಣ ಬಂತು. ೧೭೯೫ರಲ್ಲಿ ಲಿಂಡ್ಲಿ ಮರ್‍ರೆಯ ಪುಸ್ತಕ ಬಂತು. ಅಮೆರಿಕೆಯಲ್ಲಿ ಹುಟ್ಟಿ ಇಂಗ್ಲಂಡಿನ ಯಾರ್ಕ್ ಪಟ್ಟಣದಲ್ಲಿ ನೆಲೆಸಿದ್ದ ಈ ಸಜ್ಜನನು ಹೆಣ್ಣುಮಕ್ಕಳ ಸಾಲೆಯೊಂದರ ಉಪಯೋಗಕ್ಕೆಂದು ಬರೆದ ಪುಸ್ತಕ ಮುಂದೆ ಇಂಗ್ಲಿಷ್ ಕಲಿಸುವ ನಾಡುಗಳಲ್ಲೆಲ್ಲ ಹಬ್ಬಿತು. ಮರ್‍ರೆ ಎಣಿಸಿದ ಕಾಲಗಳು ಆರು, ಲ್ಯಾಟಿನ್ನಿಗೂ ಆರೇ. ಮುಂದಿನವರು ‘ಇಂಗ್’ ಹಚ್ಚಿದ ರೂಪಗಳನ್ನೂ ಸಾಲಿಗೆ ಸೇರಿಸಿ ಹನ್ನೆರಡು ಮಾಡಿದರು.

ನಮ್ಮ ದೇಶದಲ್ಲಿ ಈ ಹನ್ನೆರಡನ್ನು ಮನೆಮಾತಾಗಿಸಿದವರಲ್ಲಿ ಇಬ್ಬರ ಹೆಸರು ದೊಡ್ಡದು. ಒಬ್ಬ ವಾಯವ್ಯ ಪ್ರಾಂತಗಳಲ್ಲಿ ವಿದ್ಯಾಖಾತೆಯ ಮುಖ್ಯನಾಗಿದ್ದ ನೆಸ್‌ಫೀಲ್ಡ್. ಅವನ ವ್ಯಾಕರಣಮಾಲೆ ೧೮೯೦ರ ದಶಕದ್ದು. ಇನ್ನೊಬ್ಬ ಮುಂಬಯಿಯ ವಿದ್ಯಾಖಾತೆಯಲ್ಲಿದ್ದ ರೆನ್. ಮಾರ್ಟಿನ್ ಎಂಬವನೊಡನೆ ಅವನು ರಚಿಸಿದ ಹೈಸ್ಕೂಲ್ ವ್ಯಾಕರಣ ೧೯೩೦ರ ದಶಕದಲ್ಲಿ ಬಂತು. ಮರಳುಗಾಡಿನ ಸಿಪಾಯಿಗಳ ಸಾಹಸದ ಕಾದಂಬರಿ ಬರೆದು ೧೯೨೪ರಲ್ಲಿ ಹೆಸರಾದವನೂ ಇದೇ ರೆನ್. ಅವನ ಕಾದಂಬರಿಯನ್ನು ನಮ್ಮಲ್ಲಿ ಎಷ್ಟು ಜನ ಓದಿದರೋ; ಅವನ ವ್ಯಾಕರಣದ ಅಭ್ಯಾಸಗಳನ್ನು ಬಿಡಿಸದ ವಿದ್ಯಾವಂತನನ್ನು ಹುಡುಕುವುದು ಕಷ್ಟ.

ಕೋಷ್ಟಕ ಬಂದ ದಾರಿ ಇದು. ಅದು ಹಮ್ಮಿಗಿಯಂಥ ಊರಿನ ಹುಡುಗನಿಗೆ ಮುಟ್ಟುವ ಬಗೆ ಹೇಗಿತ್ತು? ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ೧೯ನೆಯ ಶತಮಾನದ ನಡುಗಾಲದವರೆಗೂ ಕಚೇರಿ, ಸಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯೂಟಿ ಚನ್ನಬಸಪ್ಪನವರಂಥವರು ರಸೆಲ್ ಸಾಹೇಬನ ಬೆಂಬಲದಿಂದ ಕನ್ನಡ ಸಾಲೆಗಳನ್ನು ನೆಲೆಗೊಳಿಸಿದ ಕಥೆ ಎಲ್ಲರಿಗೂ ಪರಿಚಿತ. ಚನ್ನಬಸಪ್ಪನವರು ಇಂಗ್ಲಿಷ್ ಕಲಿತದ್ದನ್ನು ಕನ್ನಡಕ್ಕೆ ದುಡಿಸಿದರು. ಶೇಕ್ಸ್‌ಪಿಯರನ ಒಂದು ಪ್ರಹಸನವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ೧೮೭೧ರಲ್ಲಿ ಕನ್ನಡಕ್ಕೆ ತಂದರು. ಬಾಸೆಲ್ ಮಿಷನ್ನಿನ ಸೀಗ್ಲರನು ಸಾಲೆಯ ಮಕ್ಕಳಿಗಾಗಿಯೇ ೧೮೭೬ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಮಾಡಿದ. ಮುಂಬಯಿಯಲ್ಲಿ ಎಂ.ಎ. ಆಗಿ ಬಂದ ರಾ. ಹ. ದೇಶಪಾಂಡೆಯವರು ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೇ ಕನ್ನಡದ ಬೆನ್ನಿಗೆ ನಿಂತರೆಂಬುದು ಗಮನಿಸಬೇಕಾದ ಮಾತು.

ಆದರೆ ಸಾಲೆಯಲ್ಲಿ ದಾರಿ ಎರಡಾಗಿ ಒಡೆದಿತ್ತು. ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವನು ಮಾಸ್ತರನೋ ತಲಾಟಿಯೋ ಆಗಬಹುದಿತ್ತು. ನಾಲ್ಕನೆಯ ಇಯತ್ತೆಗೇ ಕನ್ನಡ ಸಾಲೆ ಬಿಟ್ಟು ಪಟ್ಟಣದ ಇಂಗ್ಲಿಷ್ ಸಾಲೆ ಸೇರಿ, ಏಳು ವರ್ಷ ಓದಿ ಮ್ಯಾಟ್ರಿಕ್ ಪಾಸಾದವನಿಗೆ ಕಾಲೇಜು, ವಕೀಲಿ, ಮಾಮಲೇದಾರಿಕೆಗಳ ಬಾಗಿಲು ತೆರೆಯುತ್ತಿತ್ತು. ಹೊಳೆಸಾಲಿನ ಒಕ್ಕಲಿಗನ ಮಗನಿಗೆ ಹತ್ತು ವರ್ಷದ ವಯಸ್ಸಿನಲ್ಲಿಯೇ ಈ ನಿರ್ಧಾರವಾಗಿಬಿಡುತ್ತಿತ್ತು. ಗದಗಿನಲ್ಲಿ ಊಟ, ವಸತಿಗೆ ಅನುಕೂಲವಿದ್ದವನು ಹೋದ. ಇಲ್ಲದವನು ಹೊಲಕ್ಕೆ ಹೋದ. ಆಚೆ ದಂಡೆಯಲ್ಲಿ ಮದರಾಸಿನ ಪದ್ಧತಿ. ಕೊಪ್ಪಳದ ಕಡೆಗಂತೂ ಸಾಲೆಯಲ್ಲಿ ಉರ್ದುವೇ ಮಾಧ್ಯಮ. ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಕಲಿಸುತ್ತಿತ್ತು. ಅಲ್ಲಿಯ ಕನ್ನಡ ಹುಡುಗ ಇಂಗ್ಲಿಷಿನ ಕಾಲಗಳನ್ನು ಉರ್ದುವಿನ ಮುಖಾಂತರ ತಿಳಿಯಬೇಕು. ಎರಡು ಪರಭಾಷೆಗಳ ನಡುವೆ ಅವನ ತಾಯ್ನುಡಿ ಅನಾಥ.

ಈ ಎಲ್ಲ ಪದ್ಧತಿಗಳಲ್ಲಿ ಒಂದು ಸಮಾನ ದೋಷವಿತ್ತೆಂದು ನನಗೆ ತೋರುತ್ತದೆ. ಇಂಗ್ಲಿಷಿನ ಕಾಲಗಳು ಏನೋ ಅಪೂರ್ವ ವಸ್ತು, ನಮ್ಮ ಹುಡುಗನ ತಲೆಯಲ್ಲಿ ಅಂಥದೇನೂ ಇಲ್ಲ ಎಂಬ ಭಾವನೆಯಿಂದಲೇ ಪಾಠ ಮೊದಲಾಗುತ್ತಿತ್ತು. ನಿಜಸ್ಥಿತಿ ಬೇರೆ. ಹೋಗುತ್ತಿದ್ದೇನೆ, ಹೋಗುತ್ತಿದ್ದೆ, ಹೋಗುತ್ತಿರುತ್ತೇನೆ. ಹೋಗಿದ್ದೇನೆ, ಹೋಗಿದ್ದೆ, ಹೋಗಿರುತ್ತೇನೆ: ಇವನ್ನು ಹಮ್ಮಿಗಿಯ ಐದು ವರ್ಷದ ಕೂಸು ಯಾವ ಮಾಸ್ತರರ ನೆರವೂ ಇಲ್ಲದೆ ಆಡುತ್ತದೆ. ಇಂಗ್ಲಿಷಿನವನು ‘ಬಿ’, ‘ಹ್ಯಾವ್’ ಎಂಬ ಎರಡು ಸಹಾಯಕ ಕ್ರಿಯಾಪದಗಳಿಂದ ಮಾಡುವ ಕೆಲಸವನ್ನು ನಾವು ‘ಇರು’ ಎಂಬ ಒಂದರಿಂದಲೇ ಮಾಡುತ್ತೇವೆ. ಖೋಲಿಗಳು ನಮ್ಮಲ್ಲಿಯೂ ಇವೆ. ಒಂದೊಂದರ ಬಾಗಿಲು ಮಾತ್ರ ಬೇರೆ ಬೇರೆ ಗೋಡೆಗಿದೆ.

ಎಡವುವುದು ಆ ಬಾಗಿಲುಗಳಲ್ಲಿಯೇ. ಮೊದಲು ಹೇಳಿದ ‘ನಿನ್ನೆ ಗದಗಿಗೆ ಹೋಗಿದ್ದೆ’ ಎಂಬ ವಾಕ್ಯವನ್ನೇ ನೋಡಿರಿ. ಕನ್ನಡದ ‘ಹೋಗಿದ್ದೆ’ ಎಂಬುದರಲ್ಲಿ ಹೋಗಿ ತಿರುಗಿ ಬಂದೆನೆಂಬ ಅರ್ಥವೂ ಅಡಗಿದೆ. ಹುಡುಗ ಅದನ್ನು ಪೂರ್ಣ ಭೂತವೆಂದು ಗುರುತಿಸಿ ‘ಐ ಹ್ಯಾಡ್ ಗಾನ್’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಎನ್ನಬೇಕಾದರೆ ಅದರ ನಂತರ ನಡೆದ ಮತ್ತೊಂದು ಹಿಂದಿನ ಸಂಗತಿ ಜೊತೆಗಿರಬೇಕು: ನೀವು ಬರುವ ಹೊತ್ತಿಗೆ ನಾನು ಹೋಗಿದ್ದೆ, ಎಂಬಂತೆ. ಬರಿಯ ನಿನ್ನೆಯ ಸಮಾಚಾರಕ್ಕೆ ‘ಐ ವೆಂಟ್’ ಸಾಕು. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎನ್ನುವಾಗ ಕನ್ನಡಕ್ಕೆ ವರ್ತಮಾನ ಸಾಕಾಗುತ್ತದೆ. ಇಂಗ್ಲಿಷಿಗೆ ‘ಹ್ಯಾವ್ ಬೀನ್’ ಬೇಕು. ‘ಮಳೆ ಬಂದರೆ’ ಎಂದು ನಾಳೆಯ ಮಳೆಯ ಮಾತನ್ನು ನಾವು ಭೂತರೂಪದ ಮೇಲೆ ಕಟ್ಟುತ್ತೇವೆ. ಅವರು ‘ಇಫ್ ಇಟ್ ರೇನ್ಸ್’ ಎಂದು ವರ್ತಮಾನದ ಮೇಲೆ ಕಟ್ಟುತ್ತಾರೆ. ಭವಿಷ್ಯತ್ ರೂಪವನ್ನು ಇಬ್ಬರೂ ಹತ್ತಿರ ಸೇರಿಸುವುದಿಲ್ಲ! ಇದನ್ನು ತೋರಿಸಿಕೊಟ್ಟರೆ ಹುಡುಗನಿಗೆ ನಗು ಬರುತ್ತದೆ, ನೆನಪೂ ಉಳಿಯುತ್ತದೆ.

‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪು ಪ್ರಸಿದ್ಧವಾದದ್ದು. ಅದನ್ನು ಕೆಂಪು ಮಸಿಯಿಂದ ಹೊಡೆದುಹಾಕುವುದು ಸುಲಭ. ಅದರ ಬದಲು ‘ಹೋಗಲಿಲ್ಲ’ ಎಂಬ ಕನ್ನಡ ಮಾತನ್ನು ಬಿಡಿಸಿ ನೋಡೆಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ಅದರಲ್ಲಿ ‘ಹೋದ’ ಎಂಬ ಭೂತರೂಪ ಎಲ್ಲಿದೆ? ಇರುವುದು ‘ಹೋಗಲ್’ ಎಂಬ ಕಾಲವಿಲ್ಲದ ರೂಪ. ನಿನ್ನೆಯ ಭಾರವನ್ನೆಲ್ಲ ಇಡಿಯ ಕೂಟವೇ ಹೊತ್ತಿದೆ. ಹಾಗೆಯೇ ಇಂಗ್ಲಿಷಿನಲ್ಲಿ ಭಾರ ಹೊರುವವನು ‘ಡಿಡ್’. ಅವನು ಹೊತ್ತ ಮೇಲೆ ‘ಗೋ’ ಕೈಬೀಸಿಕೊಂಡು ನಡೆಯುತ್ತದೆ. ತಮ್ಮ ನುಡಿಯಲ್ಲಿ ಇಂಥ ಯುಕ್ತಿಯುಂಟೆಂದು ತಿಳಿದಾಗ ಆ ಹುಡುಗರ ಮೋರೆಯಲ್ಲಿ ಮೂಡುತ್ತಿದ್ದ ಕಳೆ ಯಾವ ಕೋಷ್ಟಕದಿಂದಲೂ ಬರುವಂಥದಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಸರಕಾರವು ಇಂಗ್ಲಿಷನ್ನು ಕೆಳಗಿನ ಇಯತ್ತೆಗಳಿಂದ ತೆಗೆದು ಎಂಟನೆಯದರಿಂದ ಕಲಿಸಬೇಕೆಂದಿತು. ೧೯೪೮ರಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ವಿಲೀನವಾದವು. ನಿಜಾಮನ ಆಳಿಕೆಯೂ ಮುಗಿಯಿತು. ಬಳ್ಳಾರಿಯ ಬಹುಭಾಗ ೧೯೫೩ರಲ್ಲಿ ಮೈಸೂರಿಗೆ ಸೇರಿತು. ೧೯೫೬ರ ನವೆಂಬರ್ ೧ರಂದು ತುಂಗಭದ್ರೆಯ ಎರಡೂ ದಂಡೆ ಒಂದೇ ರಾಜ್ಯವಾಯಿತು. ಆಗ ತಿಳಿದದ್ದೇನೆಂದರೆ, ಒಂದೇ ನಾಡಿನ ಮಕ್ಕಳು ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಪುಸ್ತಕಗಳಿಂದ ಇಂಗ್ಲಿಷ್ ಕಲಿತಿದ್ದಾರೆ ಎಂಬುದು. ೧೯೫೮ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಸವಣೂರಿನಲ್ಲಿ ಹುಟ್ಟಿದ ನಮ್ಮ ವಿ. ಕೃ. ಗೋಕಾಕರು ಅದರ ನಿರ್ದೇಶಕರಾದರು. ೧೯೬೩ರಲ್ಲಿ ಬೆಂಗಳೂರಿಗೆ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆ ಬಂತು. ಕೋಷ್ಟಕಕ್ಕೆ ಬದಲು ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ ರೂಢಿ ಮಾಡಿಸುವ ಪದ್ಧತಿ ಪ್ರಚಾರಕ್ಕೆ ಬಂತು. ಅದೇ ಗೋಕಾಕರ ವರದಿ ೧೯೮೧ರಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನವನ್ನು ಕೇಳಿತು. ಚನ್ನಬಸಪ್ಪ, ದೇಶಪಾಂಡೆಯವರ ಪರಂಪರೆ ಅಲ್ಲಿಗೂ ಮುಂದುವರಿದಿತ್ತು.

ಇದಕ್ಕೂ ಮುಂದಿನ ಹೆಜ್ಜೆಯನ್ನು ಎನ್. ಎಸ್. ಪ್ರಭು ಅವರು ಇಟ್ಟರು. ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಕೆಲವು ಸಾಲೆಗಳಲ್ಲಿ ಅವರು ನಡೆಸಿದ ಪ್ರಯೋಗಕ್ಕೆ ಜಗತ್ತಿನಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರು. ವ್ಯಾಕರಣಸೂತ್ರವನ್ನು ಹೇಳಿಕೊಡದೆ, ನಕ್ಷೆ, ರೈಲಿನ ವೇಳಾಪತ್ರಿಕೆಗಳಂಥವನ್ನು ಮುಂದಿಟ್ಟು ಸಮಸ್ಯೆ ಬಿಡಿಸಲು ಮಕ್ಕಳಿಗೆ ಕೊಡುವುದು. ಅರ್ಥದ ಬೆನ್ನುಹತ್ತಿದ ಮನಸ್ಸಿಗೆ ವ್ಯಾಕರಣವು ತಾನಾಗಿ ದಕ್ಕುತ್ತದೆ ಎಂಬುದು ಅವರ ವಾದ. ೧೯೮೭ರಲ್ಲಿ ಅವರು ಬರೆದ ಪುಸ್ತಕವನ್ನು ಪಾಶ್ಚಾತ್ಯ ವಿದ್ವಾಂಸರೂ ಚರ್ಚಿಸಿದರು. ಒಂದು ಕಾಲಕ್ಕೆ ಯಾರ್ಕಿನಿಂದ ಇಲ್ಲಿಗೆ ಪಾಠ ಬಂದಿತ್ತು. ಈಗ ಇಲ್ಲಿಂದ ಅಲ್ಲಿಗೆ ಹೋಯಿತು. ಹನ್ನೆರಡರ ಲೆಕ್ಕವನ್ನು ಅಲ್ಲಿಯ ವಿದ್ವಾಂಸರೂ ಒಪ್ಪುತ್ತಿರಲಿಲ್ಲ. ಇಂಗ್ಲಿಷಿಗೆ ಭವಿಷ್ಯತ್ಕಾಲವೆಂಬ ಪ್ರತ್ಯೇಕ ರೂಪವೇ ಇಲ್ಲ, ‘ವಿಲ್’ ಎಂಬುದು ಸಹಾಯಕ ಶಬ್ದ ಮಾತ್ರ ಎಂದು ಡೆನ್ಮಾರ್ಕಿನ ಯೆಸ್ಪರ್ಸನ್ ಎಂದೋ ವಾದಿಸಿದ್ದ. ಹಾಗೆ ನೋಡಿದರೆ ಕೇಶಿರಾಜನ ‘ಮಾಡುವಂ’ ಆ ವಿಷಯದಲ್ಲಿ ಇಂಗ್ಲಿಷಿಗಿಂತ ಸ್ಥಿತಿವಂತ.

ಆದರೂ ಗೈಡುಗಳಲ್ಲಿ, ಟ್ಯೂಷನ್ನಿನ ಹಲಗೆಗಳ ಮೇಲೆ ಹನ್ನೆರಡು ಖೋಲಿಗಳ ಮನೆ ಗಟ್ಟಿಯಾಗಿ ನಿಂತಿದೆ. ೨೦೦೭ರಲ್ಲಿ ಕರ್ನಾಟಕ ಸರಕಾರವು ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ೨೦೧೯ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಿತು. ಯಾವ ವಯಸ್ಸಿಗೆ, ಯಾವ ಮಾಧ್ಯಮದಲ್ಲಿ ಎಂಬ ವಾದ ಇನ್ನೂ ಮುಗಿದಿಲ್ಲ. ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ. ಪಟ್ಟಣದ ಮಗುವಿಗೆ ಮನೆಯಲ್ಲಿಯೂ ಬೀದಿಯಲ್ಲಿಯೂ ಇಂಗ್ಲಿಷ್ ಕಿವಿಗೆ ಬೀಳುತ್ತದೆ. ಕೋಷ್ಟಕ ಕೆಟ್ಟದ್ದಾದರೂ ಅದು ಹೇಗೋ ದಾಟುತ್ತದೆ. ಹೊಳೆಸಾಲಿನ ಮಗುವಿಗೆ ಸಾಲೆಯೊಂದೇ ಗತಿ. ಅಲ್ಲಿ ‘ನಿನಗೇನೂ ಬಾರದು’ ಎಂಬ ಮಾತಿನಿಂದ ಪಾಠ ಮೊದಲಾದರೆ ಎಸ್.ಎಸ್.ಎಲ್.ಸಿ.ಯ ಅಂಕಪಟ್ಟಿಯಲ್ಲಿ ಒಂದು ವಿಷಯದ ಮುಂದೆ ಬಿದ್ದ ಗೆರೆ ಇಡಿಯ ಓದಿಗೇ ಎಳೆದ ಗೆರೆಯಾಗುತ್ತದೆ.

ಬಳ್ಳಾರಿಯಲ್ಲಿ, ಧಾರವಾಡದಲ್ಲಿ ಕುಳಿತು ಕನ್ನಡ ಕಲಿತ ಆ ಪಾದ್ರಿಗಳ ಉದ್ದೇಶ ಏನೇ ಇರಲಿ, ಅವರ ಅಭ್ಯಾಸಕ್ರಮದಿಂದ ನಾವು ಕಲಿಯಬಹುದಾದದ್ದು ಒಂದಿದೆ. ಅವರು ಎರಡು ನುಡಿಗಳನ್ನೂ ಎದುರುಬದುರು ಇಟ್ಟುಕೊಂಡು, ಇದಕ್ಕೆ ಅದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಸಾಲುಸಾಲಾಗಿ ಬರೆದಿಟ್ಟರು. ಅಷ್ಟೇ ಶ್ರಮವನ್ನು ನಮ್ಮ ಮಕ್ಕಳಿಗಾಗಿ ನಮ್ಮ ಮಾಸ್ತರರೂ ಪಠ್ಯಪುಸ್ತಕದವರೂ ಪಡಬೇಕಾಗಿದೆ. ಹಮ್ಮಿಗಿಯ ಹುಡುಗಿ ಸಾಲೆಗೆ ಬರುವಾಗ ನಿನ್ನೆ, ಇಂದು, ನಾಳೆಗಳನ್ನು ಚೆನ್ನಾಗಿ ಬಲ್ಲವಳಾಗಿಯೇ ಬರುತ್ತಾಳೆ. ಆ ಬಂಡವಾಳವನ್ನು ಬಾಗಿಲಲ್ಲೇ ಇಳಿಸಿ ಒಳಗೆ ಬಾ ಎನ್ನದೆ, ಅದರಿಂದಲೇ ವ್ಯಾಪಾರ ಹೂಡಲು ಕಲಿಸಿದರೆ ಹನ್ನೆರಡಲ್ಲ, ಇಪ್ಪತ್ತು ಕಾಲಗಳಿದ್ದರೂ ಅವಳಿಗೆ ಭಯವಿರದು.